ಹದಿನೇಳನೇ ಪ್ಲೇಟಿನ ಗೆರೆ

ಕೆಲಸದ ಜಾಗದಲ್ಲಿ ಅವಳನ್ನು ಎಲ್ಲರೂ ಗೆರೆಯಕ್ಕ ಎನ್ನುತ್ತಿದ್ದರು. ಇಪ್ಪತ್ತೊಂಬತ್ತು ವರ್ಷ ಅವಳು ಮಾಡಿದ್ದು ಒಂದೇ ಕೆಲಸ. ಮೈಕ್ರೋಸ್ಕೋಪಿಗೆ ಕಣ್ಣು ಕೊಟ್ಟು ಗಾಜಿನ ಪ್ಲೇಟುಗಳಲ್ಲಿ ಗೆರೆ ಹುಡುಕುವುದು.

ಪ್ಲೇಟು ಅಂಗೈಯಷ್ಟು ಅಗಲ. ಅದರ ಮೇಲೆ ಉಗುರಿನಷ್ಟು ದಪ್ಪಕ್ಕೆ ಫೋಟೋ ತೆಗೆಯುವ ಲೇಪ. ಅಂಥ ಪ್ಲೇಟುಗಳನ್ನು ಕಂತೆ ಕಟ್ಟಿ, ಬಲೂನಿಗೆ ತೂಗುಬಿಟ್ಟು, ಮೋಡಗಳಿಗಿಂತ ಎಷ್ಟೋ ಮೇಲಕ್ಕೆ ಕಳಿಸುತ್ತಿದ್ದರು. ಎಲ್ಲಿಂದಲೋ ಹೊರಟು ಬರುವ ಕಣಗಳು ಅಲ್ಲಿ ಅವುಗಳ ಮೂಲಕ ಹಾದುಹೋಗುತ್ತಿದ್ದವು. ಕೆಳಗಿಳಿಸಿ ತೊಳೆದರೆ ಹಾದುಹೋದ ದಾರಿಯುದ್ದಕ್ಕೂ ಬೆಳ್ಳಿಯ ಕಪ್ಪು ಕಾಳುಗಳು ಮೂಡಿರುತ್ತಿದ್ದವು. ಹೋದವರು ಯಾರು ಎಂಬುದನ್ನು ಆ ಕಾಳುಗಳನ್ನು ನೋಡಿ ಹೇಳಬೇಕು.

ಅವಳ ತಾಯಿ ಹರಿದ ಬಟ್ಟೆಗೆ ಎಳೆ ತುಂಬಿ, ಹರಿದಿತ್ತೆಂದೇ ತಿಳಿಯದಂತೆ ಮಾಡಿಕೊಡುತ್ತಿದ್ದವಳು. ಆ ಕಣ್ಣು ಮಗಳಿಗೂ ಬಂದಿತ್ತು. ಇಪ್ಪತ್ತೆಂಟನೇ ವಯಸ್ಸಿನಲ್ಲಿ ಅವಳು ಪ್ರಯೋಗಶಾಲೆಗೆ ಸೇರಿದ್ದು ಗಾಜು ತೊಳೆಯುವ ಕೆಲಸಕ್ಕೆ. ಒಂದು ಮಧ್ಯಾಹ್ನ, ಊಟಕ್ಕೆ ಎದ್ದುಹೋದ ಯಾರದೋ ಮೈಕ್ರೋಸ್ಕೋಪಿನಲ್ಲಿ ಕದ್ದು ಇಣುಕಿದಳು. ಹಿಂದಿನಿಂದ ಬಂದ ಮೇಷ್ಟ್ರು, ಆ ಪ್ರಯೋಗಶಾಲೆಯ ಮುಖ್ಯಸ್ಥರು, ಬೈಯಲಿಲ್ಲ.

"ಏನು ಕಾಣ್ತಿದೆ?"

"ಧೂಳು ಸರ್. ಆದ್ರೆ ಈ ಮೂಲೆಯಿಂದ ಆ ಮೂಲೆಗೆ ಯಾರೋ ನಡ್ಕೊಂಡು ಹೋಗಿದಾರೆ."

ಮರುದಿನದಿಂದ ಅವಳು ಸೋಪಿನ ನೀರು ಮುಟ್ಟಲಿಲ್ಲ.

ಎಂಟು ಮಂದಿ ಹೆಂಗಸರು ಕೂರುವ ಉದ್ದನೆಯ ಕೋಣೆ ಅದು. ಕಿಟಕಿಗಳಿಗೆ ದಪ್ಪ ಪರದೆ. ಎಂಟು ಮೈಕ್ರೋಸ್ಕೋಪುಗಳ ಕೆಳಗೆ ಎಂಟು ಸಣ್ಣ ದೀಪ. ಹೊರಗೆ ಬಿಸಿಲು ಎಷ್ಟೇ ಹೊಡೆಯುತ್ತಿರಲಿ, ಒಳಗೆ ಯಾವಾಗಲೂ ಸಂಜೆ. ಬೆರಳ ತುದಿಯಲ್ಲಿ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದರೆ ಲೇಪದ ಒಂದು ಪದರ ಮಸುಕಾಗಿ ಮುಳುಗುತ್ತದೆ, ಅದರಡಿಯ ಪದರ ಮೆಲ್ಲನೆ ಮೇಲೇಳುತ್ತದೆ. ಗೆರೆಯಕ್ಕನಿಗೆ ಅದು ಬಾವಿಯೊಳಗೆ ಮೆಟ್ಟಿಲಿಳಿದಂತೆ ಅನ್ನಿಸುತ್ತಿತ್ತು. ಇಳಿದಷ್ಟೂ ಇನ್ನೊಂದು ಮೆಟ್ಟಿಲು. ಸುತ್ತ ಯಾವ ಸದ್ದೂ ಇಲ್ಲ. ತನ್ನ ಮೈಯ ಭಾರವೂ ಅವಳಿಗೆ ಮರೆತುಹೋಗುತ್ತಿತ್ತು.

ಆ ಬಾವಿಯಲ್ಲಿ ಅವಳಿಗೆ ಪರಿಚಯದವರು ಬೇಕಾದಷ್ಟಿದ್ದರು. ದಪ್ಪಗೆ, ನೇರವಾಗಿ, ಕೊನೆಗೆ ಮತ್ತಷ್ಟು ಕಪ್ಪಾಗಿ ನಿಂತುಬಿಡುವುದು ಪ್ರೋಟಾನು. ತೆಳ್ಳಗೆ, ಎತ್ತ ಹೋಗಬೇಕೆಂದೇ ತೋಚದಂತೆ ಅಲೆಯುವುದು ಎಲೆಕ್ಟ್ರಾನು. ಪಯಾನು ಎಂಬ ಕಣ ಬಂದು ನಿಂತು ಸಾಯುತ್ತದೆ. ನಿಂತಲ್ಲಿಂದ ಮ್ಯೂಆನು ಹುಟ್ಟಿ, ಪ್ರತಿ ಸಲವೂ ಹೆಚ್ಚು ಕಡಿಮೆ ಅಷ್ಟೇ ದೂರ ನಡೆದು, ಅದೂ ಸಾಯುತ್ತದೆ. ಅದರ ತುದಿಯಿಂದ ಎಲೆಕ್ಟ್ರಾನು ಹೊರಡುತ್ತದೆ. ಹೆಂಗಸರು ಈ ಮೂವರನ್ನು ಅಜ್ಜಿ, ತಾಯಿ, ಮಗಳು ಎನ್ನುತ್ತಿದ್ದರು. ಒಂದೊಂದು ಸಾವಿನಲ್ಲೂ ನ್ಯೂಟ್ರಿನೋ ಎಂಬುದು ಗೆರೆಯನ್ನೇ ಎಳೆಯದೆ ಹೊರಟುಹೋಗುತ್ತದೆ. ಅದಕ್ಕೆ ಅವರಿಟ್ಟ ಹೆಸರು "ಹೇಳದೆ ಹೋದವರು".

ಗೋಡೆಯ ಮೇಲೆ ಮೇಷ್ಟ್ರು ಒಂದು ಪಟ್ಟಿ ಹಾಕಿದ್ದರು. ಇದೆಯೆಂದು ಖಚಿತವಾದ ಕಣಗಳ ಹೆಸರು ಶಾಯಿಯಲ್ಲಿ. ಲೆಕ್ಕ ಮಾತ್ರ ಹೇಳುವ, ಯಾರೂ ಕಾಣದವುಗಳ ಹೆಸರು ಪೆನ್ಸಿಲಿನಲ್ಲಿ. ಗುರುತ್ವವನ್ನು ಹೊತ್ತು ತಿರುಗುವ ಕಣ. ಒಂದೇ ತುದಿಯ ಅಯಸ್ಕಾಂತ. ಒಂಟಿ ಕ್ವಾರ್ಕು. ಪ್ರೋಟಾನಿನ ಹೊಟ್ಟೆಯಲ್ಲಿ ಮೂರು ಕ್ವಾರ್ಕುಗಳಿವೆ ಎಂದು ತಿಳಿದ ದಿನ ಮೇಷ್ಟ್ರು ಮೂಲಕಣಗಳ ಪಟ್ಟಿಯಿಂದ ಪ್ರೋಟಾನನ್ನು ಹೊಡೆದುಹಾಕಿದ್ದರು. ಆದರೆ ಕ್ವಾರ್ಕು ಗುಂಪು ಬಿಟ್ಟು ಒಂದೇ ಹೊರಗೆ ಬಂದದ್ದನ್ನು ಕಂಡವರಿಲ್ಲ.

"ಕೂಡು ಕುಟುಂಬ ಅನ್ನಿ ಸರ್," ಎಂದಿದ್ದಳು ಗೆರೆಯಕ್ಕನ ನಾದಿನಿ. "ನಮ್ಮಣ್ಣನ ಮನೇಲೂ ಹೀಗೇ. ನಾನು ಹೊರಗೆ ಬೀಳೋಣ ಅಂತ ಹೊರಡ್ತೀನಿ, ಅತ್ತಿಗೆ ಬಾಗಿಲಲ್ಲೇ ಹಿಡಿದು ತರಕಾರಿ ಹೆಚ್ಚೋಕೆ ಕೂರಿಸ್ತಾರೆ."

ನಾದಿನಿಗೆ ನಲವತ್ತಮೂರು ವಯಸ್ಸು. ಮದುವೆಯ ಮಾತೆತ್ತಿದರೆ ಮೂಗು ಮುರಿಯುತ್ತಿದ್ದಳು. ಅಣ್ಣನ ಮನೆಯ ಮೇಲಿನ ಕೋಣೆಯಲ್ಲಿ ವಾಸ. ಗೆರೆಯಕ್ಕನೇ ಅವಳನ್ನು ಕೆಲಸಕ್ಕೆ ಸೇರಿಸಿ, ಪಕ್ಕದಲ್ಲಿ ಕೂರಿಸಿಕೊಂಡು ನೋಡಲು ಕಲಿಸಿದ್ದಳು. ಹದಿನೆಂಟು ವರ್ಷದಿಂದ ಅವರಿಬ್ಬರೂ ಜೋಡಿ.

ಅಲ್ಲಿನ ಪದ್ಧತಿ ಅದು. ಒಂದು ಪ್ಲೇಟನ್ನು ಒಬ್ಬಳು ಒಂದು ವಾರ ನೋಡಿ, ಕಂಡದ್ದನ್ನೆಲ್ಲ ತನ್ನ ಪುಸ್ತಕದಲ್ಲಿ ಬರೆಯಬೇಕು. ಎಲ್ಲಿ ಕಂಡಿತು ಎಂಬುದಕ್ಕೆ ಮೈಕ್ರೋಸ್ಕೋಪಿನ ಅಳತೆಪಟ್ಟಿಯ ಮನೆಗಳ ಅಂಕಿ. ಮುಂದಿನ ವಾರ ಜೋಡಿಯವಳು ಅದೇ ಪ್ಲೇಟನ್ನು ಮೊದಲಿನಿಂದ ನೋಡಬೇಕು. ಇಬ್ಬರೂ ಮಾತಾಡಿಕೊಳ್ಳುವಂತಿಲ್ಲ. ಶನಿವಾರ ಮೇಷ್ಟ್ರು ಎರಡು ಪುಸ್ತಕವನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡುತ್ತಿದ್ದರು. ಗೆರೆಯಕ್ಕನ ನಾಲ್ಕನೇ ನಂಬರಿನ ಮೈಕ್ರೋಸ್ಕೋಪಿನಲ್ಲಿ ಪ್ಲೇಟು ಸರಿಸುವ ತಿರುಪು ಸವೆದು, ಅದರ ಅಂಕಿ ಯಾವಾಗಲೂ ಆರು ಮನೆ ಹೆಚ್ಚು ತೋರಿಸುತ್ತಿತ್ತು. ರಿಪೇರಿ ಮಾಡಿಸಿದರೆ ಹಳೆಯ ದಾಖಲೆಗಳೆಲ್ಲ ಕಲಸಿಹೋಗುತ್ತವೆ ಎಂದು ಮೇಷ್ಟ್ರು ಹಾಗೇ ಬಿಟ್ಟಿದ್ದರು. ಇವರ ಕೆಲಸ ಕಂಡ ಅಂಕಿಯನ್ನು ಬರೆಯುವುದು. ಆರನ್ನು ಕಳೆಯುವುದು ಅವರ ಕೆಲಸ.

ಐವತ್ತು ನಿಮಿಷ ನೋಡಿದರೆ ಹತ್ತು ನಿಮಿಷ ಕಣ್ಣು ಮುಚ್ಚಬೇಕು. ಅದಕ್ಕೆಂದೇ ಎರಡು ಬೆಂಚಿನ ಚಿಕ್ಕ ಕೋಣೆಯಿತ್ತು. ಅಲ್ಲಿ ಒರಗಿ ರೆಪ್ಪೆ ಮುಚ್ಚಿದರೆ ಗೆರೆಗಳು ಹಿಂದೆಯೇ ಬರುತ್ತಿದ್ದವು. ಕೆಂಪು ಕತ್ತಲಲ್ಲಿ ತೇಲುವ, ಯಾವ ಪ್ಲೇಟಿನಲ್ಲೂ ಇಲ್ಲದ ಗೆರೆಗಳು. ಎದ್ದು ಬಂದ ಮೇಲೂ ಸ್ವಲ್ಪ ಹೊತ್ತು ಅವು ಕಣ್ಣಲ್ಲಿ ಉಳಿಯುತ್ತಿದ್ದವು. ಹೊಸಬರು ಅವನ್ನೇ ಪುಸ್ತಕಕ್ಕೆ ಬರೆದುಬಿಡುತ್ತಿದ್ದುದುಂಟು. "ರೆಪ್ಪೆಗೆರೆ ಬರೆದಳು" ಎಂದರೆ ಆ ಕೋಣೆಯಲ್ಲಿ ಅದಕ್ಕಿಂತ ದೊಡ್ಡ ಅವಮಾನವಿರಲಿಲ್ಲ. ಗೆರೆಯಕ್ಕ ಒಂದು ಸಲವೂ ಬರೆದಿರಲಿಲ್ಲ.

ಅವಳ ನಿವೃತ್ತಿಗೆ ಇನ್ನು ಹದಿಮೂರು ತಿಂಗಳಿದ್ದಾಗ ಒಂಟಿ ಕ್ವಾರ್ಕಿನ ಹುಡುಕಾಟ ಶುರುವಾಯಿತು. ಮೇಷ್ಟ್ರು ಎಲ್ಲರನ್ನೂ ಕೂರಿಸಿ ಹೇಳಿದರು.

"ಅದರ ವಿದ್ಯುತ್ತು ಎಲೆಕ್ಟ್ರಾನಿನ ಮೂರರಲ್ಲಿ ಒಂದು ಪಾಲು. ಹಾಗಿದ್ರೆ ಬಿಟ್ಟುಹೋಗೋ ಕಾಳು ಒಂಬತ್ತರಲ್ಲಿ ಒಂದು ಪಾಲು. ಅಂದ್ರೆ ಗೆರೆ ಇದ್ದೂ ಇಲ್ಲದ ಹಾಗೆ. ಇಲ್ಲೊಂದು ಕಾಳು, ಅಷ್ಟು ದೂರದಲ್ಲಿ ಇನ್ನೊಂದು. ನಡುವೆಯೆಲ್ಲ ಧೂಳು. ಇಲ್ಲಿದೆ ನೋಡು ಅಂತ ಬೆರಳು ತೋರಿಸಿದ್ರೆ ಯಾರಿಗೆ ಬೇಕಾದ್ರೂ ಕಂಡುಬಿಡುತ್ತೆ, ಇಲ್ಲದಿದ್ರೂ ಕಾಣುತ್ತೆ. ಅದಕ್ಕೇ ತೋರಿಸಿ ನೋಡಿಸೋದಿಲ್ಲ. ಇಬ್ಬರು ತಾವಾಗಿ ಕಂಡ್ರೆ ಉಂಟು, ಇಲ್ಲದಿದ್ರೆ ಇಲ್ಲ."

ನಾಲ್ಕು ತಿಂಗಳು ಏನೂ ಸಿಗಲಿಲ್ಲ. ಒಂದು ಮಂಗಳವಾರ ಮಧ್ಯಾಹ್ನ ಗೆರೆಯಕ್ಕ ಚಿಕ್ಕ ಕೋಣೆಯಿಂದ ಎದ್ದು ಬಂದು, ಹದಿನೇಳನೇ ಪ್ಲೇಟಿನ ಮುಂದೆ ಕೂತು, ತಿರುಪು ತಿರುಗಿಸುತ್ತ ಇಳಿಯತೊಡಗಿದಳು. ಅರ್ಧ ಇಳಿದಿರಬೇಕು. ಧೂಳಿನ ನಡುವೆ ಒಂದು ಕಾಳು ಉಳಿದ ಕಾಳುಗಳಂತಿರಲಿಲ್ಲ. ಏಕೆ ಹಾಗನ್ನಿಸಿತೆಂದು ಅವಳಿಗೇ ತಿಳಿಯದು. ಬಹಳ ದೂರದಲ್ಲಿ ಇನ್ನೊಂದು. ಪ್ಲೇಟು ಸರಿಸಿದಳು. ಮತ್ತೊಂದು. ಅಷ್ಟಷ್ಟು ದೂರಕ್ಕೆ ಒಂದೊಂದಾಗಿ, ಓರೆಯಾಗಿ, ಒಂದಿಷ್ಟೂ ಬಾಗದೆ ಅದು ಮುಂದೆ ಮುಂದೆ ಹೋಗುತ್ತಲೇ ಇತ್ತು. ನಡು ಮಧ್ಯಾಹ್ನ ಊರೆಲ್ಲ ಮಲಗಿರುವಾಗ ಬೀದಿಯಲ್ಲಿ ಒಬ್ಬರೇ ನಡೆದುಹೋದಂತೆ. ಅವಳು ಅದರ ಹಿಂದೆಯೇ ಹೋದಳು. ಎಷ್ಟು ಹೊತ್ತೋ. ಗೆರೆ ಪ್ಲೇಟಿನ ಅಂಚು ದಾಟಿ ಹೊರಬಿದ್ದಾಗ ಉಸಿರು ಬಿಟ್ಟಳು.

ಕಣ್ಣು ತೆಗೆದಳು. ಪುಸ್ತಕಕ್ಕೆ ಕೈ ಹಾಕಿದಳು. ಆಮೇಲೆ ನೆನಪಾಯಿತು, ತಾನು ಈಗಷ್ಟೇ ರೆಪ್ಪೆ ಮುಚ್ಚಿ ಎದ್ದು ಬಂದವಳು.

ಇಪ್ಪತ್ತು ನಿಮಿಷ ಪರದೆಯ ಅಂಚಿನ ಬೆಳಕನ್ನೇ ನೋಡುತ್ತ ಕೂತಳು. ಮತ್ತೆ ಇಣುಕಿದಳು. ಇತ್ತು. ಅಂಕಿ ಬರೆದಳು. ಒಂದು ಸಲ ಬರೆದ ಜಾಗವನ್ನು ಮೂರನೇ ಸಲ ನೋಡಬಾರದೆಂಬುದು ಅವಳದೇ ಕಟ್ಟುಪಾಡು, ಮುಂದಕ್ಕೆ ಸರಿದಳು.

ಅಲ್ಲಿಂದ ಹನ್ನೊಂದು ದಿನ ಅವಳು ಬಾಯಿ ಕಟ್ಟಿಕೊಂಡಿರಬೇಕಾಗಿತ್ತು. ಮನೆಯಲ್ಲಿ ನಾದಿನಿ ಎದುರಿಗೇ ಕೂತು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ಒಂದು ಮಾತು ಆಡಿದರೆ ಗೆರೆ ಸತ್ತಂತೆ. ಆಡದಿದ್ದರೆ ಆ ಗೆರೆ ಇರುವುದು ಇಡೀ ಲೋಕದಲ್ಲಿ ತನ್ನ ಎರಡು ಕಣ್ಣಿನಲ್ಲಿ ಮಾತ್ರ. ಹುಳಿಗೆ ಎರಡು ಸಲ ಉಪ್ಪು ಬಿತ್ತು.

"ಏನೇ ಇದು, ಸಮುದ್ರಾನ ಒಲೆ ಮೇಲಿಟ್ಟಿದೀಯಾ?" ಎಂದ ಗಂಡ. ಅವನದು ಬೀಗ ರಿಪೇರಿಯ ಅಂಗಡಿ. "ಕಣ್ಣಿಗೆ ಕಾಣದ್ದೆಲ್ಲ ಕಾಣುತ್ತೆ ನಿನಗೆ, ಒಂದು ಸಲ ಹಾಕಿದ ಉಪ್ಪು ಕಾಣ್ಲಿಲ್ವಾ?"

"ತಿಂದು ಏಳಿ ಸುಮ್ನೆ."

"ಅಣ್ಣ, ಅತ್ತಿಗೆ ತಲೇಲಿ ಏನೋ ಓಡ್ತಿದೆ," ಎಂದಳು ನಾದಿನಿ, ಅವಳ ಮುಖವನ್ನೇ ನೋಡುತ್ತ. "ಅತ್ತಿಗೆ, ಏನು?"

"ಏನಿಲ್ಲ ಕಣೇ. ಸಿಪ್ಪೆ ದಪ್ಪ ತೆಗೀತಿದೀಯ, ನೋಡ್ಕೊ."

ಮುಂದಿನ ವಾರ ಪ್ಲೇಟು ನಾದಿನಿಯ ಮೇಜಿಗೆ ಹೋಯಿತು. ಐದು ದಿನ ಗೆರೆಯಕ್ಕ ಪಕ್ಕದ ಮೇಜಿನಲ್ಲಿ ಹದಿನೆಂಟನೇ ಪ್ಲೇಟಿನ ಮೇಲೆ ಕಣ್ಣಿಟ್ಟು, ಕಿವಿಯನ್ನು ಮಾತ್ರ ನಾದಿನಿಯ ತಿರುಪಿನ ಸದ್ದಿಗೆ ಕೊಟ್ಟು ಕೂತಿದ್ದಳು. ಆ ಸದ್ದು ಎಲ್ಲೂ ತಡೆದು ನಿಲ್ಲಲಿಲ್ಲ. ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಅವಳು ಆಸೆ ಬಿಟ್ಟು, ಕಿವಿಗೊಡುವುದನ್ನೂ ಬಿಟ್ಟಿದ್ದಳು.

ಶನಿವಾರ ಮೇಷ್ಟ್ರು ಎರಡು ಪುಸ್ತಕವನ್ನೂ ತೆರೆದರು. ಪುಟದ ಮೇಲೆ ಬೆರಳು ಓಡಿಸುತ್ತಿದ್ದವರು ಒಂದು ಕಡೆ ನಿಂತರು. ಕನ್ನಡಕ ಒರೆಸಿಕೊಂಡರು. ಮತ್ತೆ ನೋಡಿದರು.

"ಇಬ್ಬರಿಗೂ ಕಂಡಿದೆ," ಎಂದರು. ಅವರ ದನಿಯೇ ಬೇರೆಯಾಗಿತ್ತು. "ಒಂಬತ್ತರಲ್ಲಿ ಒಂದು ಪಾಲಿನ ಗೆರೆ. ಹದಿನೇಳನೇ ಪ್ಲೇಟು. ಅಂಕಿ ನೋಡಿ, ಅಂಕಿ! ನಾನೂರ ಹನ್ನೆರಡು, ನಾನೂರ ಹನ್ನೆರಡು. ಒಂದು ಮನೆಯೂ ಆಚೀಚೆ ಇಲ್ಲ!"

ಹೆಂಗಸರೆಲ್ಲ ಎದ್ದು ಬಂದರು. ಯಾರೋ ಚಪ್ಪಾಳೆ ತಟ್ಟಿದರು, ಯಾರೋ ಗೆರೆಯಕ್ಕನ ಬೆನ್ನು ತಟ್ಟಿದರು. ಅವಳು ಮಾತ್ರ ಆ ಎರಡು ಅಂಕಿಗಳನ್ನೇ ನೋಡಿದಳು. ಒಂದು ಮನೆಯೂ ಆಚೀಚೆ ಇಲ್ಲ. ಹದಿನೆಂಟು ವರ್ಷದಲ್ಲಿ ಅವರಿಬ್ಬರ ಅಂಕಿ ಒಂದು ಸಲವೂ ಹಾಗೆ ಕೂಡಿದ್ದಿಲ್ಲ. ಕೂಡುವಂತೆಯೇ ಇಲ್ಲ. ತನ್ನ ನಾಲ್ಕನೇ ನಂಬರು ನಾನೂರ ಹನ್ನೆರಡು ತೋರಿಸಿದರೆ ನಾದಿನಿಯದು ನಾನೂರ ಆರು ತೋರಿಸಬೇಕು.

ಮೇಷ್ಟ್ರು ಆರನ್ನು ಕಳೆಯಲು ಮರೆತಿದ್ದರು. ಇನ್ನೊಂದು ಪ್ರಯೋಗಶಾಲೆಗೆ ಕಾಗದ ಬರೆಯುತ್ತೇನೆಂದು ಬಿರಬಿರನೆ ತಮ್ಮ ಕೋಣೆಗೆ ಹೋದರು. ಎರಡು ದಿನ ಬಿಟ್ಟು ಅವರಿಗೇ ಹೊಳೆಯುತ್ತಿತ್ತೇನೋ. ಹೊಳೆಯದೆಯೂ ಇರಬಹುದಿತ್ತು, ಅವರೂ ಮೂವತ್ತು ವರ್ಷ ಕಾದವರು. ಗೆರೆಯಕ್ಕ ಸುಮ್ಮನಿದ್ದರೆ ಸಾಕು, ಗೋಡೆಯ ಮೇಲಿನ ಪೆನ್ಸಿಲಿನ ಹೆಸರಿಗೆ ಶಾಯಿ ಬೀಳುತ್ತಿತ್ತು.

ಅವಳು ನಾದಿನಿಯ ರಟ್ಟೆ ಹಿಡಿದು ಚಿಕ್ಕ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದಳು.

"ನನ್ನ ಪುಸ್ತಕ ತೆಗೆದು ನೋಡಿದೆಯಾ?"

ನಾದಿನಿ ಬೆಂಚಿನ ಮೇಲೆ ಕೂತಳು. ಸುಳ್ಳು ಹೇಳಲು ಬಾಯಿ ತೆರೆದಳು, ಅತ್ತಿಗೆಯ ಮುಖ ನೋಡಿ ಮುಚ್ಚಿದಳು.

"ನಿನ್ನೆ. ನೀವು ಇಲ್ಲಿ ಕಣ್ಣು ಮುಚ್ಚೋಕೆ ಬಂದಾಗ. ಬೀಗದವನ ಹೆಂಡತಿ, ಡ್ರಾಯರಿಗೆ ಒಂದು ಬೀಗ ಹಾಕಿಸ್ಕೊಳ್ಳೋಕೆ ಆಗಿಲ್ಲ ನಿಮಗೆ!"

"ತಮಾಷೆ ಬೇಡ."

"ತಮಾಷೆ ಅಲ್ಲ ಅತ್ತಿಗೆ. ಎರಡು ವಾರದಿಂದ ನೀವು ಊಟ ಸರಿಯಾಗಿ ಮಾಡ್ತಿಲ್ಲ. ಏನೋ ಕಂಡಿದೆ ನಿಮಗೆ ಅಂತ ಗೊತ್ತಾಗಿತ್ತು. ಐದು ದಿನ ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ, ಧೂಳು ಬಿಟ್ರೆ ಏನೂ ಸಿಗ್ಲಿಲ್ಲ. ಆಮೇಲೆ ಪುಸ್ತಕ ನೋಡಿ, ಸೀದಾ ಆ ಅಂಕಿಗೇ ಹೋಗಿ ಒಂದು ಗಂಟೆ ಕೂತೆ. ಆಗಲೂ ಇಲ್ಲ. ನೀವು ಬರೆದಿದೀರ ಅಂದ್ಮೇಲೆ ಇಲ್ದೆ ಇರುತ್ತಾ? ನನ್ನ ಕಣ್ಣಿಗೇ ಏನೋ ಆಗಿದೆ ಅನ್ಕೊಂಡೆ. ನನ್ನ ಕಣ್ಣಿನ ತಪ್ಪಿಗೆ ನಿಮ್ಮ ಗೆರೆ ಯಾಕೆ ಹೋಗ್ಬೇಕು?"

"ಯಾವ ಅಂಕಿಗೆ ಹೋದೆ?"

"ನಾನೂರ ಹನ್ನೆರಡು. ನೀವೇ ಬರೆದಿದ್ರಲ್ಲ."

"ನಿನ್ನ ಮೈಕ್ರೋಸ್ಕೋಪಲ್ಲಿ?"

"ಮತ್ತೆ ಇನ್ಯಾರ..." ನಾದಿನಿ ಅಲ್ಲಿಗೇ ನಿಂತಳು. "ಅಯ್ಯೋ. ಆರು."

"ಆರು ಮನೆ ಆಚೆ ಕೂತು ಒಂದು ಗಂಟೆ ಧೂಳು ನೋಡಿದೀಯ."

ನಾದಿನಿ ಎದ್ದೇಬಿಟ್ಟಳು. "ಹಾಗಾದ್ರೆ ನನ್ನ ಕಣ್ಣು ಸರಿಯಾಗಿದೆ! ಅಲ್ಲಿ ಇರುತ್ತೆ ಅತ್ತಿಗೆ. ಈಗ್ಲೇ ಹೋಗಿ ನೋಡ್ತೀನಿ. ಕಂಡ್ರೆ ಅಂಕಿ ತಿದ್ದಿದ್ರಾಯ್ತು, ಯಾರಿಗೂ..."

"ಕೂತ್ಕೊ. ಈಗ ನೋಡಿದ್ರೆ ಕಂಡೇ ಕಾಣುತ್ತೆ. ಓರೆಯಾಗಿದೆ, ತೆಳ್ಳಗಿದೆ, ಇಂಥ ಕಡೆ ಇದೆ ಅಂತ ಗೊತ್ತಿದ್ಮೇಲೆ ಬೀದಿ ಧೂಳಲ್ಲೂ ಕಾಣುತ್ತೆ."

"ಇದ್ದಿದ್ದೇ ಆದ್ರೆ?"

"ಇದ್ದಿದ್ದೇ ಆದ್ರೂ ಅಷ್ಟೇ."

ನಾದಿನಿ ಅಳಲಿಲ್ಲ. ಅವಳ ಕಿವಿಗಳು ಮಾತ್ರ ಕೆಂಪಾದವು. ಗೆರೆಯಕ್ಕನಿಗೂ ಎದ್ದುಹೋಗಿ ಒಂದೇ ಒಂದು ಸಲ ನೋಡಬೇಕೆಂಬ ಆಸೆ ಕಾಲಿನವರೆಗೂ ಇಳಿದಿತ್ತು. ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ಹಿಡಿದು ಕೂತಳು. ಕಣ್ಣು ಮುಚ್ಚಿದರೆ ಗೆರೆ ಬರುತ್ತಿತ್ತು: ಒಂದು ಕಾಳು, ದೂರದಲ್ಲಿ ಇನ್ನೊಂದು. ಇದು ಪ್ಲೇಟಿನಿಂದ ಬಂದದ್ದೋ, ಆ ಮಂಗಳವಾರ ಇದೇ ಬೆಂಚಿನಿಂದ ಎದ್ದಾಗ ಜೊತೆಗೆ ಬಂದು ಪ್ಲೇಟಿನ ಮೇಲೆ ಕೂತದ್ದೋ, ಅವಳಿಗೆ ಹೇಳಲು ಬಾರದು. ಆ ಪ್ರಶ್ನೆಗೆ ಉತ್ತರ ಕೊಡಬಹುದಾಗಿದ್ದ ಕಣ್ಣು ಒಂದೇ ಒಂದು, ತಾನೇ ಪಳಗಿಸಿದ ಕಣ್ಣು. ಅದನ್ನು ತನ್ನ ಮುಖವೇ ಕೆಡಿಸಿತ್ತು. ಬಾಯಿಗೆ ಬೀಗ ಹಾಕಿಕೊಂಡವಳು ಮುಖಕ್ಕೆ ಹಾಕಿಕೊಂಡಿರಲಿಲ್ಲ.

"ನಡಿ," ಎಂದಳು. "ಕಾಗದ ಟಪಾಲಿಗೆ ಹೋಗೋ ಮುಂಚೆ ಹೇಳ್ಬೇಕು."

"ನೀವು ಹೇಳಿ ಅತ್ತಿಗೆ. ನನ್ನ ಕೈಲಾಗಲ್ಲ."

"ಬರೆದೋಳು ನೀನು. ನೀನೇ ಹೇಳು. ನಾನು ಪಕ್ಕದಲ್ಲಿ ನಿಂತಿರ್ತೀನಿ."

ಮೇಷ್ಟ್ರು ಕಾಗದದ ಎರಡನೇ ಪುಟದಲ್ಲಿದ್ದರು. ನಾದಿನಿ ನೆಲ ನೋಡುತ್ತ ಹೇಳಿದಳು. ಒಂದೂ ಬಿಡದೆ ಹೇಳಿದಳು, ತನ್ನ ಅಣ್ಣನ ಮನೆಯ ಉಪ್ಪಿನವರೆಗೆ. ಮೇಷ್ಟ್ರು ಕೇಳಿದರು. ಕೊನೆಯಲ್ಲಿ, "ಆರು," ಎಂದರು, ತಮಗೆ ತಾವೇ. ಪೆನ್ನಿನ ಮುಚ್ಚಳ ಹಾಕಿದರು. ಕಾಗದವನ್ನು ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ ಮಡಚಿ ಬುಟ್ಟಿಗೆ ಹಾಕಿದರು.

"ಇನ್ನು ಮೇಲೆ ನೀವು ಜೋಡಿ ಕೆಲಸಕ್ಕೆ ಬೇಡಮ್ಮ," ಎಂದರು ನಾದಿನಿಗೆ. ದನಿಯಲ್ಲಿ ಸಿಟ್ಟಿರಲಿಲ್ಲ; ಇದ್ದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. "ಪ್ಲೇಟು ತೊಳೆಯೋ ಕತ್ತಲೆ ಕೋಣೇಲಿ ಒಬ್ಬರು ಬೇಕಾಗಿದಾರೆ. ಸೋಮವಾರದಿಂದ ಅಲ್ಲಿಗೆ ಹೋಗಿ."

ಆಮೇಲೆ ಗೆರೆಯಕ್ಕನ ಕಡೆ ತಿರುಗಿದರು. "ಇಲ್ಲಿ ಎಲ್ಲರಿಗೂ ಗೊತ್ತಾಗಿ ಹೋಯ್ತು. ಈ ಕಟ್ಟಡದಲ್ಲಿ ಇದನ್ನ ನೋಡೋಕೆ ಇನ್ನು ಯಾರೂ ಇಲ್ಲ. ಬೇರೆ ಪ್ರಯೋಗಶಾಲೆಗೆ ಕಳಿಸೋಣ. ಏನೂ ಹೇಳದೆ, ಉಳಿದ ಪ್ಲೇಟುಗಳ ಜೊತೆ. ನಿಮಗೆ ಬೇಕಿದ್ರೆ ಕಳಿಸೋ ಮುಂಚೆ ಒಂದು ಸಲ ನೋಡಿ."

"ಬೇಡ ಸರ್. ಈಗ ನೋಡಿದ್ರೆ ನನ್ನ ಆಸೆ ನೋಡುತ್ತೆ."

ಪ್ಲೇಟು ನಲವತ್ತು ಪ್ಲೇಟುಗಳ ನಡುವೆ ಹೋಯಿತು. ಎಂಟು ತಿಂಗಳು ಬಿಟ್ಟು, ಅವಳ ನಿವೃತ್ತಿಗೆ ಹದಿನೈದು ದಿನ ಇರುವಾಗ, ಅವರು ಕಂಡದ್ದರ ಪಟ್ಟಿ ಬಂತು. ಹದಿನೇಳನೇ ಪ್ಲೇಟಿಗೆ ಒಂಬತ್ತು ಪುಟ. ಗೆರೆಯಕ್ಕ ಕಿಟಕಿಯ ಪರದೆಯನ್ನು ಒಂದು ಗೇಣು ಸರಿಸಿ, ಆ ಬೆಳಕಿನಲ್ಲಿ ಸಾಲು ಸಾಲಿಗೂ ಬೆರಳಿಟ್ಟು ಓದಿದಳು. ಅಜ್ಜಿಯರು, ತಾಯಂದಿರು, ಮಕ್ಕಳು. ಪ್ರೋಟಾನುಗಳು. ಚೂರಾದ ಪರಮಾಣು ಬೀಜಗಳು ಬಿಟ್ಟ ನಕ್ಷತ್ರದಂಥ ಗುರುತುಗಳು. ಒಳ್ಳೆಯ ಕೆಲಸಗಾರರು, ಅವಳು ಬರೆದಿದ್ದ ಮುನ್ನೂರ ತೊಂಬತ್ತೆಂಟರಲ್ಲಿ ಮುನ್ನೂರ ತೊಂಬತ್ತೊಂದನ್ನು ಕಂಡಿದ್ದರು. ಆ ಗೆರೆ ಇರಲಿಲ್ಲ.

ಕತ್ತಲೆ ಕೋಣೆಯಿಂದ ನಾದಿನಿ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ಪಕ್ಕದಲ್ಲಿ ನಿಂತಳು. ಮುಟ್ಟಿಯೇ ಎಲ್ಲ ತಿಳಿಯಬೇಕಾದ ಆ ಕೆಲಸ ಅವಳಿಗೆ ಚೆನ್ನಾಗಿ ಹಿಡಿಸಿತ್ತು, ಒಪ್ಪಿಕೊಳ್ಳುತ್ತಿರಲಿಲ್ಲ, ಅಷ್ಟೇ.

"ಇದೆಯಾ?"

"ಇಲ್ಲ."

"ಹಾಗಾದ್ರೆ ಇರ್ಲೇ ಇಲ್ವಾ?"

"ಅವರಿಗೆ ಕಾಣ್ಲಿಲ್ಲ. ನಾನು ಬರೆದಿದ್ರಲ್ಲಿ ಏಳು ಕಾಣ್ಲಿಲ್ಲ ಅವರಿಗೆ. ಅದ್ರಲ್ಲಿ ಆರು ನಿನಗೂ ಕಂಡಿದ್ವು, ಅವು ಇದ್ದಿದ್ದೇ."

"ಆರು ಅನ್ಬೇಡಿ ಅತ್ತಿಗೆ, ಆ ಅಂಕಿ ಕೇಳೋಕಾಗಲ್ಲ." ನಾದಿನಿ ಪಟ್ಟಿಯ ಮೇಲೆ ಬಗ್ಗಿದಳು. "ನಿಜ ಹೇಳಿ. ನಿಮಗೆ ಕಂಡಿತ್ತು ತಾನೆ?"

"ಕಂಡಿತ್ತು."

"ಬೇಜಾರಿಲ್ವಾ?"

"ಇದೆ," ಎಂದಳು ಗೆರೆಯಕ್ಕ.

ಆಮೇಲೆ ತನ್ನ ಪುಸ್ತಕ ತೆರೆದು, ನಾನೂರ ಹನ್ನೆರಡರ ಮುಂದೆ ಖಾಲಿ ಬಿಟ್ಟಿದ್ದ ಜಾಗದಲ್ಲಿ, ಬೇರೆ ಯಾವ ಮಾತನ್ನೂ ಸೇರಿಸದೆ, "ಒಬ್ಬರು ಕಂಡದ್ದು" ಎಂದು ಬರೆದಳು. ಶಾಯಿ ಆರುವವರೆಗೆ ಪುಟ ತೆರೆದಿಟ್ಟುಕೊಂಡು ಕೂತಿದ್ದಳು. ಹದಿನೈದು ದಿನ ಇನ್ನೂ ಬಾಕಿ ಇತ್ತು. ಪರದೆಯನ್ನು ಮೊದಲಿನಂತೆ ಎಳೆದು, ಐವತ್ತೆರಡನೇ ಪ್ಲೇಟನ್ನು ಮೈಕ್ರೋಸ್ಕೋಪಿನ ಮೇಲಿಟ್ಟು, ಇಳಿಯತೊಡಗಿದಳು.